ಒಂದು ಕೈಪಿಡಿಯ ಜೋಡಣೆ

ಕಳೆದ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ, ಹತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದೆ. ಬಾಗಿಲ ಬಳಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ದಪ್ಪನೆಯ ಪುಸ್ತಕ. ಇವಳ ತಂದೆ ನಮ್ಮ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್ ಆಗಿದ್ದವರು. ಹುಡುಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿ.ಸಿ.ಎ. ಮುಗಿಸಿ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಇನ್ನೆರಡು ತಿಂಗಳು ಪ್ರೊಬೇಶನ್ ಬಾಕಿ.

ಕಾಫಿ ಲೋಟ ಕೈಗೆ ಕೊಟ್ಟ ಮೇಲೆ ವಿಷಯ ಹೊರಬಂತು.

"ಮಿಸ್, ಇದನ್ನ ಎರಡು ಸಲ ಓದಿದೆ. ತಲೆಗೆ ಹತ್ತುತ್ತಿಲ್ಲ. ನಂದು ಇಂಗ್ಲಿಷ್ ಮೀಡಿಯಂ ಅಲ್ವಲ್ಲ, ಅದಕ್ಕೇ ಇರಬೇಕು."

"ಏನೇ ಅದು?"

"ನಮ್ಮ ಆಫೀಸಿನ ಕೈಪಿಡಿ. ಹೊಸಬರಿಗೆ ಅಂತ ಮಾಡಿರೋದು. ಈಗ ಇದನ್ನ ಸರಿಯಾಗಿ ಜೋಡಿಸಿ ಕೊಡು ಅಂತ ನನಗೇ ಹೇಳಿದ್ದಾರೆ. ಅರ್ಥವೇ ಆಗದ್ದನ್ನ ನಾನು ಹೇಗೆ ಜೋಡಿಸಲಿ ಮಿಸ್?"

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕಂಪ್ಯೂಟರ್ ಎಂದರೆ ಅಂಕಪಟ್ಟಿ ತುಂಬುವುದು ಗೊತ್ತು, ಅಷ್ಟೆ. ಆದರೆ ಮಕ್ಕಳ ಪ್ರಬಂಧದ ಪ್ಯಾರಾಗಳನ್ನು ಹಿಂದುಮುಂದು ಮಾಡಿ ಸರಿಪಡಿಸುವ ಕೆಲಸವನ್ನು ಇಷ್ಟು ವರ್ಷ ಮಾಡಿದ್ದೇನೆ. ಅದೇ ನಂಬಿಕೆಯಿಂದ ಅವಳು ಬಂದಿದ್ದಳು. ಅಲ್ಲಿಂದ ಶುರುವಾದ ನನ್ನ ಓದು ಕೆಲವು ತಿಂಗಳು ನಡೆಯಿತು. ಸಾಹಿತ್ಯ ಕೃತಿಗಳ ವಿಮರ್ಶೆಯನ್ನು ನೀವೆಲ್ಲ ಓದಿದ್ದೀರಿ. ಇದು ಯಂತ್ರದ ಕೈಪಿಡಿಯೊಂದರ ವಿಮರ್ಶೆ. ನಮಗೇಕೆ ಇದು ಎನ್ನಬೇಡಿ. ನಮ್ಮ ಹೆಣ್ಣುಮಕ್ಕಳು ಇಂಥ ಕೈಪಿಡಿಗಳನ್ನೇ ಓದಿ ಅನ್ನ ಸಂಪಾದಿಸುತ್ತಿದ್ದಾರೆ. ಅರ್ಥವಾಗದಿದ್ದಾಗ ಯಾರಿಗೂ ಹೇಳದೆ ರಾತ್ರಿ ಕೂತು ಅಳುತ್ತಲೂ ಇದ್ದಾರೆ.

ಮೊದಲು ಆ ವಸ್ತು ಏನೆಂದು ಹೇಳಬೇಕು. ದೊಡ್ಡನೆಕ್ಕುಂದಿಯ ಕೆರೆಯ ಕೆಳಗೆ ಗದ್ದೆಗಳಿದ್ದ ಕಾಲವನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಕೆರೆಯಿದ್ದ ಊರುಗಳಲ್ಲಿ ನೀರುಗಂಟಿ ಎಂಬುವನಿರುತ್ತಿದ್ದ. ಅವನು ನೀರು ಹೊರುತ್ತಿರಲಿಲ್ಲ. ಯಾವ ಹೊತ್ತಿಗೆ ತೂಬು ತೆಗೆಯಬೇಕು, ಯಾರ ಗದ್ದೆ ತುಂಬಿದ ಮೇಲೆ ಯಾರದಕ್ಕೆ ತಿರುಗಿಸಬೇಕು, ಎಲ್ಲಿ ಕಾಲುವೆ ಕಟ್ಟಿಕೊಂಡಿದೆ ಎಂದು ನೋಡುವುದು ಅವನ ಕೆಲಸ. ಈಗಿನ ಕಂಪನಿಗಳಲ್ಲಿ ನೀರಿನ ಬದಲು ಲೆಕ್ಕಗಳು, ಅಂಕಿಗಳು, ಹೆಸರುಗಳು ಹರಿಯುತ್ತವೆ. ಇವನ್ನು ಒಂದು ಕಡೆಯಿಂದ ತೆಗೆದು, ಶುದ್ಧಮಾಡಿ, ಇನ್ನೊಂದು ಕಡೆ ತುಂಬುವ ಏರ್ಪಾಡಿಗೆ ಡೇಟಾ ಪೈಪ್‌ಲೈನ್ ಎನ್ನುತ್ತಾರೆ. ಅದರ ನೀರುಗಂಟಿಯ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಹೆಸರಾದದ್ದು ಏರ್‌ಫ್ಲೋ. 2014ರ ಅಕ್ಟೋಬರ್‌ನಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಮ್ಯಾಕ್ಸಿಮ್ ಬೋಶೆಮಿನ್ ಎಂಬುವರು ಇದನ್ನು ಶುರುಮಾಡಿದರು. 2016ರಲ್ಲಿ ಅಪಾಚೆ ಎಂಬ ಸಂಸ್ಥೆಯ ಆಶ್ರಯಕ್ಕೆ ಬಂದು, 2019ರಲ್ಲಿ ಅಲ್ಲಿನ ಪೂರ್ಣ ಯೋಜನೆಯಾಯಿತು. ಇದು ಓಪನ್ ಸೋರ್ಸ್, ಎಂದರೆ ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಸೇದಬಹುದು, ಹೂಳೆತ್ತುವುದಕ್ಕೂ ಯಾರು ಬೇಕಾದರೂ ಕೈಹಾಕಬಹುದು. ಕೈಪಿಡಿಯನ್ನು ಬರೆಯುವವರೂ ಹಾಗೆಯೇ ಬರುತ್ತಾರೆ, ಹೋಗುತ್ತಾರೆ. ಹೀಗಾಗಿ ಇಂಥ ಕೈಪಿಡಿಗಳು ಅವಿಭಕ್ತ ಕುಟುಂಬದ ಮನೆಯ ಹಾಗೆ ಬೆಳೆಯುತ್ತವೆ. ಒಬ್ಬೊಬ್ಬ ಮಗನ ಮದುವೆಗೆ ಒಂದೊಂದು ಕೋಣೆ ಸೇರಿಸಿ, ಕೊನೆಗೆ ಬಚ್ಚಲಿಗೆ ಹೋಗಲು ದೇವರ ಮನೆ ದಾಟಬೇಕು.

ಅವಳ ಆಫೀಸಿನವರು ಈ ಏರ್‌ಫ್ಲೋ ಬಳಸುತ್ತಾರೆ. ಅದಕ್ಕಾಗಿ ತಮ್ಮದೇ ಒಂದು ಕೈಪಿಡಿ ಮಾಡಿಕೊಂಡಿದ್ದರು. ಅವಳು ತಂದದ್ದು ಅದನ್ನೇ. ನಾನು ಬೆರಳಿಟ್ಟು ಓದಿದೆ. ಗೊತ್ತಿಲ್ಲದ ಪದವನ್ನು ಅವಳು ಹೇಳಿದಳು. ಒಂದು ಗಂಟೆ ಕಳೆಯುವ ಹೊತ್ತಿಗೆ ನನಗೊಂದು ಅನುಮಾನ ಬಂತು. ಪುಸ್ತಕದಲ್ಲಿ ತಪ್ಪು ಮಾತು ಒಂದೂ ಇರಲಿಲ್ಲ. ಅವಳ ಇಂಗ್ಲಿಷಿನಲ್ಲೂ ಅಂಥ ಕೊರತೆ ಕಾಣಲಿಲ್ಲ. ಆದರೆ ಮೂರನೇ ಪುಟದಲ್ಲಿ ಸೆಟ್ಟಿಂಗುಗಳ ಉದ್ದನೆಯ ಪಟ್ಟಿ, ಹತ್ತನೇ ಪುಟದಲ್ಲಿ ಹಿಂದೊಮ್ಮೆ ಎಲ್ಲವೂ ನಿಂತುಹೋದ ರಾತ್ರಿಯ ಕಥೆ, ನಲವತ್ತೊಂದನೇ ಪುಟದಲ್ಲಿ ‘ಮೊದಲಿಗೆ ಹೀಗೆ ಮಾಡಿ’ ಎಂಬ ಸೂಚನೆ. ಪಾಠಪುಸ್ತಕದ ಹಾಳೆಗಳನ್ನು ಗಾಳಿಗೆ ತೂರಿ, ಬಿದ್ದ ಹಾಗೆ ಎತ್ತಿ ಹೊಲಿದಂತಿತ್ತು.

"ಇದು ನಿನ್ನ ತಲೆಯ ತಪ್ಪಲ್ಲ ಕಣೇ" ಎಂದೆ. ಅವಳು ನಂಬಲಿಲ್ಲ.

ಜಗತ್ತಿನಲ್ಲಿ ಈ ಸಮಸ್ಯೆ ನಮ್ಮಿಬ್ಬರಿಗೇ ಮೊದಲು ಬಂದದ್ದೇನಲ್ಲ. ಜಾಂಗೋ ಎಂಬ ಇನ್ನೊಂದು ಓಪನ್ ಸೋರ್ಸ್ ತಂತ್ರಾಂಶದವರು 2008ರಲ್ಲಿ ತಮ್ಮ ಮೊದಲ ಪೂರ್ಣ ಆವೃತ್ತಿ ತರುವಾಗ ಕೈಪಿಡಿಯನ್ನೂ ಹೊಸದಾಗಿ ವಿಂಗಡಿಸಿದರು. ಮುಂದೆ ಡ್ಯಾನಿಯೆಲೆ ಪ್ರೊಚಿಡಾ ಎಂಬುವರು 2017ರಲ್ಲಿ ಆಸ್ಟ್ರೇಲಿಯಾದ ಪೈಥಾನ್ ಸಮ್ಮೇಳನದಲ್ಲಿ ಈ ವಿಂಗಡಣೆಯ ಹಿಂದಿನ ತರ್ಕವನ್ನು ಬಿಡಿಸಿ ಹೇಳಿದರು. ಅದಕ್ಕೆ ಈಗ ಡಯಾಟ್ಯಾಕ್ಸಿಸ್ ಎಂಬ ಗ್ರೀಕ್ ಹೆಸರಿದೆ. ಹೆಸರು ದೊಡ್ಡದು, ಸಂಗತಿ ಸರಳ. ಕೈಪಿಡಿಯ ಬರವಣಿಗೆ ನಾಲ್ಕು ಬಗೆ: ಕಲಿಸುವ ಪಾಠ, ಕೆಲಸ ಮಾಡಿಸುವ ದಾರಿ, ತೆಗೆದು ನೋಡುವ ಉಲ್ಲೇಖ, ತಿಳಿಯಲು ಓದುವ ವಿವರಣೆ. ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಬಾರದು.

ನನಗೆ ಇದು ಅರ್ಥವಾದದ್ದು ನನ್ನ ಕನ್ನಡ ಪಾಠದಿಂದ. ಮಗುವಿನ ಕೈಹಿಡಿದು ‘ಅ’ ತಿದ್ದಿಸುವುದು ಪಾಠ. ಅಲ್ಲಿ ವರ್ಣಮಾಲೆಯ ಚರಿತ್ರೆ ಹೇಳಿದರೆ ಮಗು ಎದ್ದು ಓಡುತ್ತದೆ. ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಬರೆಯುವುದು ಹೇಗೆ ಎಂಬುದು ಕೆಲಸದ ದಾರಿ. ಅದನ್ನು ಕೇಳುವವನಿಗೆ ಅಕ್ಷರ ಬರುತ್ತದೆ, ಅರ್ಜಿ ಮಾತ್ರ ಬೇಕು. ನಿಘಂಟು ಉಲ್ಲೇಖ. ಅದನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ, ಬೇಕಾದ ಪದ ಬೇಕಾದ ಜಾಗದಲ್ಲಿದ್ದರೆ ಸಾಕು. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಹೇಗಾಯಿತು ಎನ್ನುವುದು ವಿವರಣೆ. ಅದಕ್ಕೆ ಬಿಡುವಿರಬೇಕು, ಕುತೂಹಲವಿರಬೇಕು.

ನಮ್ಮಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕೆಲಸದಲ್ಲಿ ಪ್ರಧಾನ ಸಂಪಾದಕರಾಗಿ ದುಡಿದವರು. ಅವರೇ 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದರು. ಓದುಗರು ಪದವೊಂದರ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಪಾಂಡಿತ್ಯ ಎರಡರಲ್ಲೂ ಅದೇ. ಆದರೆ ಪತ್ರಿಕೆಯ ಓದುಗರಿಗೆ ನಿಘಂಟಿನ ಹಾಳೆ ಹರಿದು ಕೊಡಲಿಲ್ಲ, ನಿಘಂಟಿನ ಒಳಗೆ ಹರಟೆ ಹೊಡೆಯಲೂ ಇಲ್ಲ. ಕೇಳುವವರು ಯಾರು, ಯಾವ ಗಳಿಗೆಯಲ್ಲಿ ಕೇಳುತ್ತಿದ್ದಾರೆ ಎಂಬುದನ್ನು ನೋಡಿ ರೂಪ ಬದಲಿಸಿದರು.

ಹಾಗಾದರೆ ಏರ್‌ಫ್ಲೋ ಯೋಜನೆಯವರದೇ ಮೂಲ ಕೈಪಿಡಿ ಹೇಗಿದೆ? ಅದನ್ನೂ ತೆರೆಸಿ ನೋಡಿದೆ. 2019ರಲ್ಲಿ ಗೂಗಲ್‌ನವರು ‘ಸೀಸನ್ ಆಫ್ ಡಾಕ್ಸ್’ ಎಂಬ ಕಾರ್ಯಕ್ರಮ ಶುರುಮಾಡಿ, ಓಪನ್ ಸೋರ್ಸ್ ಯೋಜನೆಗಳಿಗೆ ಬರೆಯಬಲ್ಲವರ ನೆರವು ಒದಗಿಸಿದಾಗ ಏರ್‌ಫ್ಲೋ ಕೂಡ ಅದರಲ್ಲಿ ಸೇರಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ, ಹೊರಗಿನ ಬೇರೆ ಬೇರೆ ಸೇವೆಗಳೊಂದಿಗೆ ಕೂಡಿಸುವ ಭಾಗಗಳನ್ನು ಪ್ರತ್ಯೇಕ ಪೊಟ್ಟಣಗಳನ್ನಾಗಿ ಮಾಡಿ, ಅವುಗಳ ಕೈಪಿಡಿಯನ್ನೂ ಬೇರೆ ಮಾಡಿದರು. ಇದು ದೊಡ್ಡ ಉಪಕಾರ. ಒಗ್ಗರಣೆ ಡಬ್ಬಿ ಹುಡುಕುವವಳ ಕೈಗೆ ಅಟ್ಟದ ಮೇಲಿನ ಹಬ್ಬದ ಪಾತ್ರೆಗಳು ತಗಲುವುದು ತಪ್ಪಿತು. ಎಡಗಡೆಯ ಪಟ್ಟಿಯಲ್ಲಿ ಪಾಠಗಳು, ‘ಹೇಗೆ’ ಮಾರ್ಗದರ್ಶಿಗಳು, ಮೂಲ ಕಲ್ಪನೆಗಳು, ಉಲ್ಲೇಖ ಎಂದು ವಿಭಾಗಗಳಿವೆ. ಎರಡನೇ ಆವೃತ್ತಿಯ ಮೊದಲ ಪಾಠ ಇಡೀ ಉದಾಹರಣೆಯನ್ನು ಮುಂದಿಟ್ಟು, ಆಮೇಲೆ ತುಂಡು ತುಂಡಾಗಿ ಬಿಡಿಸುತ್ತದೆ. ನಾವು ಪದ್ಯವನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ ಸಾಲು ಸಾಲಾಗಿ ಅರ್ಥ ಹೇಳುವ ಕ್ರಮವೇ ಇದು. ಒಂದು ಕಡೆಯಂತೂ, ಈ ಸಂಗತಿ ಎಲ್ಲರಿಗೂ ಮೊದಲ ಸಲಕ್ಕೆ ಹೊಳೆಯದಿರಬಹುದು ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಆ ಒಂದು ಮಾತು ಓದಿ ನನ್ನ ಹುಡುಗಿಯ ಮುಖ ಸಡಿಲವಾದದ್ದನ್ನು ನಾನು ನೋಡಿದೆ.

ಆಕ್ಷೇಪಗಳೂ ಇವೆ. ಎರಡನೇ ಆವೃತ್ತಿಯ ಇತ್ತೀಚಿನ ಪಟ್ಟಿಗಳಲ್ಲಿ ಪಾಠಗಳಿಗಿಂತ ಮೊದಲು ಭದ್ರತೆಯ ಅಧ್ಯಾಯ ಕೂತಿದೆ. ಭದ್ರತೆ ಮುಖ್ಯವೇ ಹೌದು, ಆದರೆ ಅದು ಮನೆಯ ಯಜಮಾನನಿಗೆ ಬೇಕಾದದ್ದು. ಹೊಸಿಲಲ್ಲಿ ನಿಂತ ಹುಡುಗಿಗೆ ಮೊದಲು ಒಂದು ಮಣೆ ಬೇಕು.

ಇನ್ನೊಂದು ಆಕ್ಷೇಪ ಹೆಸರಿನದು. ಇದನ್ನು ಹಾಲಿನ ಲೆಕ್ಕದಿಂದ ಹೇಳುತ್ತೇನೆ. ನಮ್ಮ ಹಾಲಿನವರು ಜೂನ್ ತಿಂಗಳ ಲೆಕ್ಕವನ್ನು ಜುಲೈ ಒಂದನೇ ತಾರೀಖು ಕೊಡುತ್ತಾರೆ. ತಿಂಗಳು ಮುಗಿಯದೆ ಲೆಕ್ಕ ಹೇಗೆ ಬಂದೀತು? ಏರ್‌ಫ್ಲೋ ಕೂಡ ಹಾಗೆಯೇ ಒಂದು ಅವಧಿ ಮುಗಿದ ಮೇಲೆ ಅದರ ಕೆಲಸ ಶುರುಮಾಡುತ್ತಿತ್ತು. ಅದು ಸರಿ. ಆದರೆ ಆ ಅವಧಿಯ ಆರಂಭದ ದಿನಕ್ಕೆ ಅವರು ಇಟ್ಟಿದ್ದ ಹೆಸರು ‘ಎಕ್ಸಿಕ್ಯೂಷನ್ ಡೇಟ್’, ಎಂದರೆ ಕೆಲಸ ನಡೆದ ದಿನ! ಜುಲೈ ಒಂದಕ್ಕೆ ಬರೆದ ಚೀಟಿಯ ನೆತ್ತಿಯ ಮೇಲೆ ‘ಲೆಕ್ಕ ಮಾಡಿದ ದಿನ: ಜೂನ್ 1’ ಎಂದಿದ್ದರೆ ಯಾವ ಗೃಹಿಣಿ ಒಪ್ಪುತ್ತಾಳೆ? ಇದನ್ನು ಸಮಜಾಯಿಷಿ ಮಾಡಲು ‘ಪದೇ ಪದೇ ಕೇಳುವ ಪ್ರಶ್ನೆಗಳು’ ಪುಟವೂ ಸೇರಿ ಹಲವು ಕಡೆ ವಿವರಣೆ ಬರೆಯಬೇಕಾಯಿತು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ, 2.2ನೇ ಆವೃತ್ತಿಯಲ್ಲಿ, ಹೆಸರನ್ನು ‘ಲಾಜಿಕಲ್ ಡೇಟ್’ ಎಂದು ಬದಲಿಸಿ, ‘ಡೇಟಾ ಇಂಟರ್ವಲ್’ ಎಂಬ ಕಲ್ಪನೆಯನ್ನು ತಂದರು. 2025ರ ಏಪ್ರಿಲ್‌ನಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಹಳೆಯ ಹೆಸರನ್ನು ತೆಗೆದೇ ಹಾಕಿದರು.

ಇದರಿಂದ ನಾನು ತಿಳಿದದ್ದೇನೆಂದರೆ, ಒಂದೇ ಪ್ರಶ್ನೆಯನ್ನು ನೂರು ಜನ ಕೇಳುತ್ತಿದ್ದರೆ ಆ ನೂರು ಜನರೂ ದಡ್ಡರಿರಲಾರರು. ಎಲ್ಲೋ ವಸ್ತುವಿನಲ್ಲೇ ಒಂದು ಗಂಟು ಇರುತ್ತದೆ. ಕೈಪಿಡಿಯ ಪುಟಗಳನ್ನು ಎಷ್ಟು ಸಲ ಹಿಂದುಮುಂದು ಮಾಡಿದರೂ ಆ ಗಂಟು ಬಿಚ್ಚುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಜೋಡಿಸಲು ಕೂತವರಿಗೆ ಗಂಟು ಎಲ್ಲಿದೆ ಎಂದು ಕಂಡೇ ಕಾಣುತ್ತದೆ.

ನಾಲ್ಕು ಬಗೆಯ ವಿಂಗಡಣೆಯ ಬಗ್ಗೆಯೂ ನನಗೊಂದು ತಕರಾರಿದೆ. ಓದಲು ಬಂದವಳಿಗೆ ತಾನು ಕಲಿಯಲು ಬಂದಿದ್ದೇನೋ, ಕೆಲಸ ಮುಗಿಸಲು ಬಂದಿದ್ದೇನೋ ಎಂಬುದು ಗೊತ್ತಿದೆ ಎಂದು ಅದು ಭಾವಿಸಿದಂತಿದೆ. ಪ್ರೊಬೇಶನ್‌ನಲ್ಲಿರುವ ಹುಡುಗಿಯ ಪಾಡು ಹಾಗಲ್ಲ. ಅವಳಿಗೆ ಕಲಿಯುವ ಮೊದಲೇ ಕೆಲಸ ಕೊಟ್ಟಿರುತ್ತಾರೆ. ಸಂಜೆಯೊಳಗೆ ಆಗಬೇಕು. ಅವಳು ‘ಹೇಗೆ’ ಎಂಬ ಪುಟಕ್ಕೆ ಹೋಗುತ್ತಾಳೆ, ಅಲ್ಲಿನ ಮಾತು ಕಲಿತವರಿಗೆ ಬರೆದದ್ದು, ಮತ್ತೆ ತನ್ನನ್ನೇ ಬೈದುಕೊಳ್ಳುತ್ತಾಳೆ. ನಾಲ್ಕು ಬಾಗಿಲು ಮಾಡಿದರೆ ಸಾಲದು, ಯಾವ ಬಾಗಿಲು ಯಾರಿಗೆ ಎಂದು ಜಗಲಿಯಲ್ಲೇ ಹೇಳುವವರೊಬ್ಬರು ಬೇಕು.

ಈ ಕೆಲಸವನ್ನು ನಮ್ಮ ಕರ್ನಾಟಕದ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮಿಸ್‌ಗಳು ಎಂದೋ ಮಾಡಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ‘ನಲಿ–ಕಲಿ’ ಶುರುವಾದಾಗ, ಆಂಧ್ರದ ರಿಷಿ ವ್ಯಾಲಿಯಲ್ಲಿ ಕಂಡದ್ದನ್ನು ಮಾದರಿಯಾಗಿಟ್ಟುಕೊಂಡು, ಪಠ್ಯಪುಸ್ತಕವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿದರು. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತಾನೇ ಹೋಗಿ ತನ್ನ ಮೆಟ್ಟಿಲು ಗುರುತಿಸಿ, ಆ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಜ್ವರ ಬಂದು ಹದಿನೈದು ದಿನ ಶಾಲೆ ಬಿಟ್ಟ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಲಿ–ಕಲಿಯ ಕೊರತೆಗಳ ಬಗ್ಗೆ ಶಿಕ್ಷಕರು ಮಾತಾಡುವುದುಂಟು. ಆದರೆ ‘ನಾನು ಎಲ್ಲಿದ್ದೇನೆ’ ಎಂಬ ಪ್ರಶ್ನೆಗೆ ಗೋಡೆಯ ಮೇಲೆಯೇ ಉತ್ತರ ಬರೆದಿಟ್ಟದ್ದು ಅದರ ದೊಡ್ಡ ಗುಣ. ಏರ್‌ಫ್ಲೋದ ಉದ್ದನೆಯ ಪಟ್ಟಿಯಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಆ ಏಣಿಯನ್ನೇ.

ಮುಂದಿನ ಭಾನುವಾರ ಹುಡುಗಿ ಮತ್ತೆ ಬಂದಳು. ಒಂದು ಮಗ್ಗುಲು ಖಾಲಿಯಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಚೀಟಿ ಮಾಡಿ, ಕೈಪಿಡಿಯ ಒಂದೊಂದು ತಲೆಬರಹವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಹಜಾರದ ನೆಲದ ಮೇಲೆ ಹರಡಿದೆವು. ಕೆಲವು ಪುಟಗಳನ್ನು ಕತ್ತರಿಯಿಂದ ಮೂರು ತುಂಡು ಮಾಡಬೇಕಾಯಿತು. ಮೇಲಿನ ನಾಲ್ಕು ಸಾಲು ಪಾಠ, ನಡುವೆ ಪಟ್ಟಿ, ಕೆಳಗೆ ಯಾರದೋ ಅನುಭವ. ನಾಲ್ಕು ಗುಡ್ಡೆಯಾದವು. ಐದನೆಯದೊಂದೂ ಆಯಿತು: ಈಗ ಆಫೀಸಿನಲ್ಲಿ ಯಾರೂ ಬಳಸದ ಸಂಗತಿಗಳ ಸೂಚನೆಗಳು. ಉಲ್ಲೇಖದ ಗುಡ್ಡೆ ಮೊಣಕೈ ಎತ್ತರ, ಪಾಠದ ಗುಡ್ಡೆಯಲ್ಲಿ ಎರಡೇ ಚೀಟಿ. ಬಲ್ಲವರಿಗೆ ಪಟ್ಟಿ ಬರೆಯುವುದು ಸುಲಭ. ಕಲಿಸಬೇಕಾದರೆ ತಾವು ತಿಳಿಯದೆ ಇದ್ದ ದಿನವನ್ನು ನೆನೆಸಿಕೊಳ್ಳಬೇಕು, ಅದು ಯಾರಿಗೂ ಬೇಡ.

"ಪಾಠ ಯಾರು ಬರೀಬೇಕು ಮಿಸ್?" ಎಂದಳು.

"ನೀನೇ. ನಾಲ್ಕು ತಿಂಗಳ ಹಿಂದೆ ನಿನಗೆ ಏನು ತಿಳಿದಿರಲಿಲ್ಲ ಅಂತ ನಿನಗಿಂತ ಚೆನ್ನಾಗಿ ಆ ಆಫೀಸಿನಲ್ಲಿ ಯಾರಿಗೆ ಗೊತ್ತು?"

ಅವಳು ಸ್ವಲ್ಪ ಹೊತ್ತು ಚೀಟಿಗಳನ್ನೇ ನೋಡುತ್ತ ಕೂತಳು. ಆಮೇಲೆ ನಗುತ್ತ, "ಬೇಜಾರು ಮಾಡ್ಕೋಬೇಡಿ ಮಿಸ್. ಹತ್ತನೇ ಕ್ಲಾಸಲ್ಲಿ ನೀವು ಕೊಡ್ತಿದ್ದ ವ್ಯಾಕರಣದ ನೋಟ್ಸೂ ಹೀಗೇ ಇತ್ತು" ಎಂದಳು.

ನನಗೆ ಕಪಾಳಕ್ಕೆ ಬಿಗಿದಂತಾಯಿತು. ಆ ನೋಟ್ಸು ನನ್ನ ಹೆಮ್ಮೆ. ಸಂಧಿ, ಸಮಾಸ, ಅಲಂಕಾರ, ಛಂದಸ್ಸು ಎಲ್ಲವೂ ಮೂವತ್ತು ಪುಟದಲ್ಲಿ. ಸೂತ್ರ, ಉದಾಹರಣೆ, ಅಪವಾದ, ಪರೀಕ್ಷೆಯ ಪ್ರಶ್ನೆ, ಎಲ್ಲ ಒಂದರ ಮೇಲೊಂದು. ಜೆರಾಕ್ಸ್ ಮಾಡಿಸಿ ವರ್ಷ ವರ್ಷವೂ ಹಂಚಿದ್ದೇನೆ. ಅರ್ಥವಾಗಲಿಲ್ಲ ಎಂದು ಬಂದ ಮಕ್ಕಳಿಗೆ "ಎಲ್ಲಾ ಅದರಲ್ಲೇ ಇದೆ, ಗಮನ ಇಟ್ಟು ಓದು" ಎಂದಿದ್ದೇನೆ. ಎಲ್ಲಾ ಇತ್ತು, ನಿಜ. ಆ ಮಕ್ಕಳಲ್ಲಿ ಎಷ್ಟು ಜನ ತಮಗೆ ಕನ್ನಡವೇ ಬಾರದೆಂದುಕೊಂಡು ಹೋದರೋ! ಇವಳು ಇಂಗ್ಲಿಷ್ ಮಾಧ್ಯಮವಲ್ಲ ಎಂದು ತನ್ನನ್ನು ಹಳಿದುಕೊಂಡದ್ದು ಆಫೀಸಿನಲ್ಲಿ ಕಲಿತ ಅಭ್ಯಾಸವಲ್ಲ. ಅದರ ಮೊದಲ ಪಾಠವನ್ನು ನನ್ನ ತರಗತಿಯಲ್ಲೇ ಕಲಿತಿರಬೇಕು.

ಮೂರು ವಾರ ಹಿಡಿದು ಅವಳು ಕೈಪಿಡಿಯನ್ನು ಜೋಡಿಸಿದಳು. ಮೊದಲ ಪುಟದಲ್ಲಿ ಮೂರೇ ಪ್ರಶ್ನೆ: ಇಂದೇ ಸೇರಿದಿರಾ? ಈಗಲೇ ಒಂದು ಕೆಲಸ ಮುಗಿಯಬೇಕೆ? ಏನಾದರೂ ಕೆಟ್ಟು ನಿಂತಿದೆಯೆ? ಒಂದೊಂದಕ್ಕೂ ಒಂದೊಂದು ಪುಟದ ದಾರಿ. ತಾರೀಖಿನ ಗೊಂದಲಕ್ಕೆ ಹಾಲಿನ ಲೆಕ್ಕದ ಉದಾಹರಣೆಯನ್ನೇ ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಅದನ್ನು ಓದಿ ಅವಳ ಮೇಲಿನವರು ಏನೂ ಹೇಳಲಿಲ್ಲವಂತೆ. ಆದರೆ ಅವಳ ನಂತರ ಸೇರಿದ ಹುಡುಗನೊಬ್ಬ ಮೊದಲ ವಾರದಲ್ಲೇ, ಯಾರನ್ನೂ ಕೇಳದೆ, ತನ್ನ ಕೆಲಸ ನಡೆಸಿಕೊಂಡನಂತೆ. ಅವಳ ಕೆಲಸವೂ ಕಾಯಂ ಆಯಿತು.

ಈ ಬೇಸಿಗೆ ರಜೆಯಲ್ಲಿ ನಾನು ಬೀರುವಿನಿಂದ ಆ ವ್ಯಾಕರಣದ ನೋಟ್ಸು ತೆಗೆದು, ಕತ್ತರಿ ಹಿಡಿದು ನೆಲದ ಮೇಲೆ ಕೂತಿದ್ದೇನೆ. ಇನ್ನೂ ಸಮಾಸದ ಹತ್ತಿರವೇ ಇದ್ದೇನೆ, ಅಂದುಕೊಂಡಷ್ಟು ಸುಲಭವಲ್ಲ. ನೀವೂ ಒಂದು ಕೆಲಸ ಮಾಡಿ. ಹೊಸ ಮಿಕ್ಸಿಯ ಪುಸ್ತಕವೋ, ಬ್ಯಾಂಕಿನ ಅರ್ಜಿಯೋ, ಮಗಳ ಕಂಪ್ಯೂಟರಿನ ಪುಟವೋ ಅರ್ಥವಾಗದೆ ಹೋದಾಗ "ನನಗೆ ತಿಳಿಯೋದಿಲ್ಲ ಬಿಡಿ" ಎಂದು ಕೆಳಗಿಡುವ ಮೊದಲು, ಅದನ್ನು ಬರೆದವರು ನಿಮ್ಮನ್ನು ಎಲ್ಲಿ ನಿಲ್ಲಿಸಿಕೊಂಡು ಮಾತಾಡುತ್ತಿದ್ದಾರೆ ಎಂದು ಒಮ್ಮೆ ನೋಡಿ.